ಫೇಲಾದ ನಾಳಗಳು

ತಾರಸಿ ಬಾಗಿಲಿನ ಚಿಲಕವನ್ನು ಬದಲಾಯಿಸಬೇಕೋ ಬೇಡವೋ ಎಂಬುದು ಹಗುರವಾದ ಪ್ರಶ್ನೆಯಲ್ಲ. ರೇಣುಕಪ್ರಸಾದನ ಮನೆಯಲ್ಲಿ ಅದು ಶಿವರಾತ್ರಿಯ ಹೊತ್ತಿಗೆ ಹುಟ್ಟಿತು. ಯುಗಾದಿಯ ಒಬ್ಬಟ್ಟಿನ ಎಲೆಯ ಮುಂದೆ ಚರ್ಚೆಗೆ ಬಂದು, ಎರಡೂ ಪಕ್ಷಗಳು ಒಂದಂಗುಲ ಕದಲದ ಕಾರಣ ಮುಂದೂಡಲ್ಪಟ್ಟಿತು. ಕೊನೆಗೆ ಒಂದು ಭಾನುವಾರ ಬಲಪ್ರಯೋಗದಿಂದಲೇ ಇತ್ಯರ್ಥವಾಯಿತು. ಅಷ್ಟು ಮಾತು ಖರ್ಚು ಮಾಡಿದ್ದರೆ ಎರಡು ರಾಜ್ಯಗಳು ಒಂದು ನದಿಯನ್ನು ಹಂಚಿಕೊಳ್ಳಬಹುದಿತ್ತು.

ಒಂದು ಪಕ್ಷ ರೇಣುಕಪ್ರಸಾದನದು. ತುಮಕೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್‌ಗಳ ಮೇಲ್ವಿಚಾರಕ. ತುಕ್ಕು ಕಂಡರೆ ಅವನಿಗೆ ಹಾವು ಕಂಡ ಹಾಗೆ. ಇನ್ನೊಂದು ಪಕ್ಷ ಅವನ ತಾಯಿ ಪುಟ್ಟಗೌರಮ್ಮನವರದು. ಎಪ್ಪತ್ತು ದಾಟಿದ ಆಕೆ ಬೇಸಿಗೆ ಬಂತೆಂದರೆ ತಾರಸಿಯನ್ನು ಸಂಡಿಗೆಯ ಸಾಮ್ರಾಜ್ಯ ಮಾಡಿ ಆಳುವವರು. ಆ ಬಾಗಿಲಿನ ಚಿಲಕಕ್ಕೆ ಒಂದು ಕೆಟ್ಟ ಚಾಳಿಯಿತ್ತು. ಗಾಳಿಗೆ ಬಾಗಿಲು ಬಡಿದುಕೊಂಡರೆ ಒಳಗಡೆಯ ಚಿಲಕ ತಾನಾಗಿ ಕೊಕ್ಕೆಗೆ ಬಿದ್ದು, ತಾರಸಿಯಲ್ಲಿದ್ದವರು ತಾರಸಿಯಲ್ಲೇ ಉಳಿಯುತ್ತಿದ್ದರು. ಆದರೆ ಕೊಕ್ಕೆ ತುಕ್ಕು ತಿಂದು ಸವೆದು, ಬಾಗಿಲಿಗೂ ಚೌಕಟ್ಟಿಗೂ ನಡುವೆ ಒಂದು ಸಂದು ಬಿಟ್ಟಿತ್ತು. ಪುಟ್ಟಗೌರಮ್ಮ ಆ ಸಂದಿನಲ್ಲಿ ಸೌಟಿನ ಹಿಡಿ ತೂರಿಸಿ, ಒಂದು ಸಲ ಮೇಲಕ್ಕೆ ಮೀಟಿದರೆ ಚಿಲಕ ಎದ್ದು ದಾರಿ ಬಿಡುತ್ತಿತ್ತು. ಸಂಡಿಗೆ ಹಿಟ್ಟು ಹುಯ್ಯುವ ಸೌಟು ಆಕೆಯ ಸೆರಗಿನಲ್ಲಿ ಸದಾ ಸಿಕ್ಕಿಕೊಂಡಿರುತ್ತಿದ್ದದ್ದು ಇದಕ್ಕೇ.

"ಕೊಕ್ಕೆಯೆಲ್ಲ ತಿಂದೋಗೈತೆ ಕಣಮ್ಮ. ಕಳ್ಳ ಬಂದು ಊದಿದ್ರೂ ಸಾಕು, ಬಾಗ್ಲು ತೆರ್ಕಂತದೆ," ಎಂದ ಮಗ.

"ಕಳ್ಳ ಬಂದು ಏನ್ ಒಯ್ತಾನೆ, ನನ್ ಸಂಡಿಗೆನಾ? ಒಯ್ಲಿ, ಕರ್ಕೊಂಡು ತಿನ್ಲಿ. ತುಕ್ಕು ಹಿಡ್ದಿರೋದಕ್ಕೇ ಕಣೋ ಅದು ನನ್ ಮಾತು ಕೇಳೋದು. ಬುಡು ಅದನ್ನ."

"ಬೇಕಾದ್ರೆ ಶಶಿನ್ನೇ ಕೇಳು. ತುಕ್ಕಿನ ಡಾಕ್ಟ್ರು ಮನೇಲೇ ಇದಾಳಲ್ಲ."

ಶಶಿರೇಖಾ ಆ ಹೊತ್ತಿಗೆ ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತಿದ್ದಳು. ಇಂಥ ಸಭೆಗಳಲ್ಲಿ ತಟಸ್ಥವಾಗಿರುವುದೇ ಸೊಸೆಯ ವಿದೇಶಾಂಗ ನೀತಿ ಎಂದು ಅವಳು ಬಲ್ಲಳು. ಆದರೂ ವೃತ್ತಿಯ ಪ್ರಶ್ನೆ ಎದ್ದಿತ್ತು. "ತುಕ್ಕು ಎಲ್ಲಿದ್ರೂ ಒಳ್ಳೇದಲ್ಲ ಅತ್ತೆ," ಎಂದಳು.

ಆ ಭಾನುವಾರ ಹೊಸ ಸ್ಟೀಲ್ ಚಿಲಕ ಬಂತು. ಬಡಿದರೆ ತಾನಾಗಿ ಬೀಳುವ ಚಾಳಿ ಇದಕ್ಕೂ ಇತ್ತು, ಬಾಗಿಲು ಮಾತ್ರ ಚೌಕಟ್ಟಿಗೆ ಅಂಟಿ ಕೂತಿತು. ಸೌಟಿನ ಹಿಡಿಯಿರಲಿ, ಹುಣಸೆ ಎಲೆ ತೂರುವಷ್ಟೂ ಜಾಗವಿರಲಿಲ್ಲ. ಪುಟ್ಟಗೌರಮ್ಮ ಬಾಗಿಲಿಗೆ ಒಂದು ಗುಂಡುಕಲ್ಲು ಅಡ್ಡ ಇಟ್ಟು, "ನೋಡಾನ," ಎಂದರು.

ಶಶಿರೇಖಾ ತುಕ್ಕಿನ ಡಾಕ್ಟರು ಎಂಬುದು ತಮಾಷೆಯ ಮಾತಾದರೂ ಸುಳ್ಳಲ್ಲ. ಊರ ಹೊರಗಿನ ರಕ್ತನಾಳ ಸಂಶೋಧನಾ ಕೇಂದ್ರದಲ್ಲಿ ಅವಳಿಗೆ ಕೆಲಸ. ರಕ್ತನಾಳ ಎಂದರೆ ನಲ್ಲಿಯ ಪೈಪಲ್ಲ, ಜೀವಕೋಶಗಳನ್ನು ಹೆಣೆದು ಮಾಡಿದ ಗೋಡೆ. ಒಂದೊಂದು ಕೋಶದ ಮೈಮೇಲೂ ಸಾವಿರಾರು ಕಿಂಡಿಗಳು. ವಿದ್ಯುತ್ತಿನ ಹೊರೆ ಹೊತ್ತ ಲವಣದ ಕಣಗಳು, ಅಂದರೆ ಅಯಾನುಗಳು, ಆ ಕಿಂಡಿಗಳಲ್ಲಿ ಓಡಾಡುತ್ತವೆ. ಪೊಟ್ಯಾಸಿಯಂ ಕಿಂಡಿ ತೆರೆದರೆ ಗೋಡೆಯ ಸ್ನಾಯು ಸಡಿಲಗೊಂಡು ನಾಳ ಅಗಲವಾಗುತ್ತದೆ. ಕ್ಯಾಲ್ಸಿಯಂ ನುಗ್ಗಿದರೆ ಬಿಗಿದುಕೊಳ್ಳುತ್ತದೆ. ನಾವು ಎಳೆದುಕೊಳ್ಳುವ ಆಮ್ಲಜನಕದಲ್ಲಿ ಒಂದಿಷ್ಟು ಪುಂಡಾಟಕ್ಕೆ ಇಳಿದು, ಪೆರಾಕ್ಸೈಡಿನಂಥ ರೂಪ ತಾಳಿ, ಕಿಂಡಿಗಳ ತಿರುಗಣೆಯಲ್ಲಿರುವ ಗಂಧಕಕ್ಕೆ ಅಂಟಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ, ಬೀಡಿ, ಹೊಗೆ, ವಯಸ್ಸು ಎಲ್ಲವೂ ಈ ಪುಂಡರ ಪಡೆಯನ್ನು ಹೆಚ್ಚಿಸುತ್ತವೆ. ತಿರುಗಣೆಗೆ ತುಕ್ಕು ಹಿಡಿಯುತ್ತದೆ, ಕಿಂಡಿ ತೆರೆಯುವುದಿಲ್ಲ, ನಾಳ ಹಲ್ಲು ಕಚ್ಚಿ ಕೂರುತ್ತದೆ, ರಕ್ತದೊತ್ತಡ ಏರುತ್ತದೆ.

ಕೇಂದ್ರದವರು ಕಂಡುಹಿಡಿದ ಮಾತ್ರೆಯ ಹೆಸರು ನಾಳಶುದ್ಧಿ. ಅದು ಕಿಂಡಿಯ ಪಕ್ಕದಲ್ಲೇ ಕಾವಲು ನಿಂತು, ಗಂಧಕವನ್ನು ಮುಟ್ಟುವ ಮೊದಲೇ ಪೆರಾಕ್ಸೈಡನ್ನು ನುಂಗಿಬಿಡುತ್ತದೆ. ಜನ ಅದನ್ನು ತುಕ್ಕಿನ ಮಾತ್ರೆ ಎಂದರು. ಕಳೆದ ದೀಪಾವಳಿಯಿಂದ ಜಿಲ್ಲೆಯಲ್ಲಿ ಅರವತ್ತು ದಾಟಿದವರಿಗೆಲ್ಲ ಉಚಿತ. ಜಿಲ್ಲೆಯ ರಕ್ತದೊತ್ತಡ ಇಳಿಯಿತು. ಕಚೇರಿಯ ಅಂಕಿ ನೋಡಿದರೆ ಜಿಲ್ಲೆಯ ಕೋಪವೇ ಇಳಿದ ಹಾಗಿತ್ತು. ಪುಟ್ಟಗೌರಮ್ಮನವರಿಗೆ ಮೊದಲ ಮಾತ್ರೆಯನ್ನು ಶಶಿರೇಖಾ ತನ್ನ ಕೈಯಿಂದಲೇ ಕೊಟ್ಟಿದ್ದಳು.

ಬೇಸಿಗೆ ಬಂದ ಮೇಲೆ ಊರಿನಲ್ಲಿ ಒಂದು ಹೊಸ ಮಾತು ಹುಟ್ಟಿಕೊಂಡಿತು: "ಕೂತಲ್ಲೇ ಹೋದ್ರಂತೆ." ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರು ಸಂತೆ ಚೀಲದ ಸಮೇತ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತಲ್ಲೇ ಹೋದರು. ಕ್ಷೌರದ ಅಂಗಡಿಯ ಮುಂದೆ ಒಬ್ಬರು ಕೂತಲ್ಲೇ ಹೋದರು. ಪತ್ರಿಕೆ ಓದುತ್ತಿದ್ದಾರೆಂದು ತಿಳಿದು ಅಂಗಡಿಯವನು ಬಹಳ ಹೊತ್ತು ಮಾತನಾಡಿಸಿರಲಿಲ್ಲ. ವೈದ್ಯರು ಬಿಸಿಲಿನ ಝಳ ಎಂದರು. ಬಿಸಿಲೂ ಹಾಗೇ ಇತ್ತು. "ಈ ಜನ ನೀರು ಕುಡಿಯಲ್ಲ," ಎಂದು ಶಶಿರೇಖಾ ಪತ್ರಿಕೆ ಮಡಿಸಿದ್ದಳು.

ಚಿಲಕ ಬದಲಾದ ಎರಡು ದಿನಕ್ಕೆ, ಬೆಳಗಿನ ಕಾಫಿಯ ಜೊತೆ ಮಾತ್ರೆ ನುಂಗುತ್ತಾ ಪುಟ್ಟಗೌರಮ್ಮ ಹೇಳಿದರು: "ಶಶಿ, ಮೆಟ್ಲು ಹತ್ತಿದ್ರೆ ಎದೆ ಒಳಗೆ ಯಾರೋ ಒದ್ದೆ ಬಟ್ಟೆ ಹಿಂಡ್ದಂಗಾಗ್ತದೆ ಕಣಮ್ಮ. ಕೂತ್ಕಂಡ್ರೆ ಸರೋಗ್ತದೆ."

ಶಶಿರೇಖಾ ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿದಳು. ಪುಸ್ತಕದಲ್ಲಿ ಬರೆದಿಟ್ಟ ಹಾಗಿತ್ತು. "ಇಷ್ಟು ಚೆನ್ನಾಗಿರೋ ಬಿಪಿ ನನಗೂ ಇಲ್ಲ ಅತ್ತೆ."

"ಹಂಗಾದ್ರೆ ನೀನೂ ಒಂದ್ಸಲ ಸಂಡಿಗೆ ಹೊತ್ಕಂಡ್ ಹತ್ತು, ನೋಡಾನ."

"ಇವತ್ತು ಹತ್ತಬೇಡಿ. ಸಂಜೆ ನಾನು ಬಂದು ತಗೀತೀನಿ."

"ನೀನ್ ಬರೋಗಂಟ ಕಾಗೆ ಕಾಯ್ತದಾ?" ಎಂದು ಅವರು ಲೋಟ ತೊಳೆಯಲು ಎದ್ದರು.

ಅಂದು ಮಧ್ಯಾಹ್ನ ಕೇಂದ್ರಕ್ಕೆ ಸರ್ಕಾರದ ಸಮಿತಿಯೊಂದು ಬರುವುದಿತ್ತು. ಅವರು ಒಪ್ಪಿದರೆ ಮಾತ್ರೆ ರಾಜ್ಯಕ್ಕೆಲ್ಲ ಹೋಗುತ್ತದೆ. ಅವರ ಕಣ್ಣೆದುರು ನಿಜವಾದ ಮನುಷ್ಯನ ನಾಳವೊಂದು ತುಕ್ಕಿಗೆ ಬಿಗಿದು, ಮಾತ್ರೆಗೆ ಸಡಿಲಾಗುವುದನ್ನು ತೋರಿಸಬೇಕೆಂದು ಕೇಂದ್ರದ ಮುಖ್ಯಸ್ಥ ಇನಾಮದಾರರ ಅಪ್ಪಣೆ. ಧಾರವಾಡದ ಕಡೆಯವರು. ಜ್ಞಾನಿಗಳು, ಆದರೆ ಸಮಿತಿ ಬರುವ ದಿನ ಮದುವೆ ಮನೆಯ ಹೆಣ್ಣಿನ ತಂದೆಯಾಗಿಬಿಡುತ್ತಿದ್ದರು.

ನಾಳಗಳು ಆಸ್ಪತ್ರೆಯಿಂದ ಬರುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆದ ಕೊಬ್ಬಿನ ತುಂಡಿನಲ್ಲಿ ಕೂದಲಿಗಿಂತ ಚೂರು ದಪ್ಪದ ನಾಳಗಳಿರುತ್ತವೆ. ಅವನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ, ಚಿಕ್ಕ ಬಳೆಗಳ ಹಾಗೆ ಕತ್ತರಿಸಿ, ಎರಡು ತಂತಿಗಳಿಗೆ ಪೋಣಿಸಿ, ಬೆಚ್ಚಗಿನ ಉಪ್ಪುನೀರಿನಲ್ಲಿ ಮುಳುಗಿಸುತ್ತಾರೆ. ನಾಳ ಬಿಗಿದರೆ ತಂತಿ ಜಗ್ಗುತ್ತದೆ, ಪರದೆಯ ಮೇಲೆ ಗೆರೆ ಏರುತ್ತದೆ. ಸಡಿಲಾದರೆ ಗೆರೆ ಇಳಿಯುತ್ತದೆ.

ಪ್ರಯೋಗಕ್ಕೆ ಮೊದಲು ಪ್ರತಿ ನಾಳಕ್ಕೂ ಒಂದು ಪರೀಕ್ಷೆ. ನಾಳವನ್ನು ಅರ್ಧ ಬಿಗಿಸಿ, ಅದರ ಮೇಲೆ ಅಸಿಟೈಲ್‌ಕೋಲಿನ್ ಎಂಬ ದ್ರವದ ಒಂದು ಹನಿ. ನಾಳದ ಒಳಪದರ ಆರೋಗ್ಯವಾಗಿದ್ದರೆ ಅದು ನೈಟ್ರಿಕ್ ಆಕ್ಸೈಡನ್ನು ಹೊರಬಿಟ್ಟು ಸ್ನಾಯುವನ್ನು ಸಡಿಲಿಸುತ್ತದೆ. ಸಡಿಲಾಗದ ನಾಳ ಫೇಲ್. ಬಿಡಿಸುವಾಗ ಕತ್ತರಿ ತಾಗಿ ಒಳಪದರ ಕೆಟ್ಟಿದೆ ಎಂದು ಅರ್ಥ. ಅದು ಮೂಲೆಯ ಹಳದಿ ಕಸದ ಬುಟ್ಟಿಗೆ. ಇದು ಈ ಕೇಂದ್ರದವರೇ ಮಾಡಿಕೊಂಡ ಕಟ್ಟಳೆಯಲ್ಲ, ಈ ವಿದ್ಯೆ ಬಲ್ಲ ಎಲ್ಲ ಕಡೆಯೂ ಇರುವಂಥದ್ದು. ಅಡುಗೆಗೆ ಮೊದಲು ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಯಾರು ತಪ್ಪೆನ್ನುತ್ತಾರೆ?

ಅಂದು ಆಸ್ಪತ್ರೆಯಿಂದ ಬಂದದ್ದು ಒಂದೇ ತುಂಡು, ಹರ್ನಿಯಾ ಆಪರೇಷನ್ ಆದ ಮುದುಕರೊಬ್ಬರದು. ಶಶಿರೇಖಾ ನಾಲ್ಕು ನಾಳಗಳನ್ನು ಪೋಣಿಸಿದಳು. ನಾಲ್ಕೂ ಫೇಲ್.

ಇನ್ನೊಂದು ದಿನವಾಗಿದ್ದರೆ ಬುಟ್ಟಿಗೆ ಹಾಕಿ ಚಹಾ ಕುಡಿಯಲು ಹೋಗುತ್ತಿದ್ದಳು. ಆದರೆ ಸಮಿತಿ ಬರುತ್ತಿತ್ತು, ಬೇರೆ ನಾಳವಿರಲಿಲ್ಲ. ಫೇಲಾದರೂ ಬಿಗಿಯುವುದನ್ನಾದರೂ ತೋರಿಸಬಹುದು, ಸಮಿತಿಯವರಿಗೆ ಏನು ತಿಳಿಯುತ್ತದೆ ಎಂದುಕೊಂಡು, ಮೊದಲನೆಯದಕ್ಕೆ ಪೆರಾಕ್ಸೈಡ್ ಹನಿಸಿದಳು, ತೀರ ತೆಳುವಾಗಿ. ಗೆರೆ ಏರಬೇಕಿತ್ತು.

ಗೆರೆ ಇಳಿಯಿತು. ಹೊರೆ ಇಳಿಸಿ ಉಸಿರು ಬಿಟ್ಟವರ ಹಾಗೆ ನಾಳ ಸಡಿಲವಾಯಿತು.

ಅವಳು ಸೀಸೆಯ ಚೀಟಿ ಓದಿದಳು. ಪೆರಾಕ್ಸೈಡೇ. ಎರಡನೆಯ ನಾಳಕ್ಕೆ ಮೊದಲು ನಾಳಶುದ್ಧಿ ಹಾಕಿ, ಆಮೇಲೆ ಪೆರಾಕ್ಸೈಡ್ ಹಾಕಿದಳು. ಗೆರೆ ಕದಲಲಿಲ್ಲ. ಮತ್ತೆ ಹಾಕಿದಳು. ನಾಳ ಮುಷ್ಟಿ ಹಿಡಿದು ಕೂತೇ ಇತ್ತು. ಮೂರನೆಯದೂ ಹಾಗೇ. ಅದಕ್ಕೆ ಕೊನೆಗೆ ನೈಟ್ರೇಟ್ ಹಾಕಿದಳು. ಅದು ನೈಟ್ರಿಕ್ ಆಕ್ಸೈಡನ್ನು ಹೊರಗಿನಿಂದಲೇ ತಂದುಕೊಡುವ ಔಷಧ. ನಾಳ ಥಟ್ಟನೆ ತೆರೆದುಕೊಂಡಿತು. ಅಂದರೆ ಸ್ನಾಯು ಸರಿಯಾಗಿದೆ. ಕತ್ತರಿಯೂ ತಾಗಿಲ್ಲ.

ಶಶಿರೇಖಾ ಸ್ಟೂಲಿನ ಮೇಲೆ ಕೂತಳು. 

ಮುದುಕರ ನಾಳಗಳಲ್ಲಿ ನೈಟ್ರಿಕ್ ಆಕ್ಸೈಡ್ ಬತ್ತಿಹೋಗಿರುತ್ತದೆ. ಅದಕ್ಕೇ ಅವು ಫೇಲ್. ಆದರೂ ಮುದುಕರು ಬದುಕಿದ್ದಾರೆ, ಮೆಟ್ಟಿಲು ಹತ್ತುತ್ತಾರೆ, ಬಿಸಿಲಲ್ಲಿ ಸಂತೆಗೆ ಹೋಗುತ್ತಾರೆ. ಆಗ ಹೃದಯದ ನಾಳಗಳನ್ನು ಅಗಲಿಸುವವರು ಯಾರು? ಅದೇ ಪುಂಡ. ರಕ್ತದ ರಭಸ ಏರಿದಾಗ ಹಳೆಯ ನಾಳದ ಒಳಪದರ ಒಂದು ಚೂರು ಪೆರಾಕ್ಸೈಡನ್ನು ತಾನೇ ಉಗುಳಿ, ಅದರಿಂದಲೇ ಪೊಟ್ಯಾಸಿಯಂ ಕಿಂಡಿಯನ್ನು ಮೀಟಿ ತೆರೆಯುತ್ತದೆ. ಬೀಗದ ಕೈ ಕಳೆದುಹೋಗಿ ವರ್ಷಗಳಾದ ಮನೆಯವರು ಕಂಡುಕೊಂಡ ಉಪಾಯ ಅದು. ನಾಳಶುದ್ಧಿ ಅದನ್ನೂ ನುಂಗಿಬಿಡುತ್ತದೆ. ಕೂತಿರುವಷ್ಟು ಹೊತ್ತು ಏನೂ ಆಗುವುದಿಲ್ಲ, ಒತ್ತಡ ಪುಸ್ತಕದಲ್ಲಿ ಬರೆದಿಟ್ಟ ಹಾಗಿರುತ್ತದೆ. ಎದ್ದು ಹತ್ತಿದರೆ ಹೃದಯ ರಕ್ತ ಕೇಳುತ್ತದೆ, ನಾಳ ಕೊಡುವುದಿಲ್ಲ; ದಣಿದು ಕೂತವರು ಕೂತಲ್ಲೇ ಹೋಗುತ್ತಾರೆ.

ಇಷ್ಟು ವರ್ಷ ಇದು ಯಾಕೆ ಕಾಣಲಿಲ್ಲ ಎಂಬುದಕ್ಕೆ ಉತ್ತರ ಕೋಣೆಯ ಮೂಲೆಯಲ್ಲಿ ಹಳದಿ ಬಣ್ಣದಲ್ಲಿ ಕೂತಿತ್ತು. ಮಾತ್ರೆ ಯಾರಿಗಾಗಿ ಮಾಡಿದ್ದೋ ಅವರ ನಾಳಗಳನ್ನೆಲ್ಲ ಅವರು ಆರಿಸಿ ಆರಿಸಿ ಎಸೆದಿದ್ದರು. ಪಾಸಾದವುಗಳ ಮೇಲೆ ಮಾತ್ರ ಮಾತ್ರೆ ಪರೀಕ್ಷಿಸಿ, ಅದೂ ಪಾಸಾಯಿತೆಂದು ಸಿಹಿ ಹಂಚಿದ್ದರು. ಆಮೇಲೆ ಮಾತ್ರೆ ನುಂಗಿ ನೋಡಿದ ಸ್ವಯಂಸೇವಕರನ್ನು ಎಸಿ ಕೋಣೆಯಲ್ಲಿ ದಿಂಬಿಗೆ ಒರಗಿಸಿ ಬಿಪಿ ನೋಡಿದ್ದರು; ಮೆಟ್ಟಿಲು ಹತ್ತಿಸಿರಲಿಲ್ಲ.

ಒದ್ದೆ ಬಟ್ಟೆ ಹಿಂಡಿದ ಹಾಗೆ, ಎಂದಿದ್ದರು ಅತ್ತೆ.

ಮನೆಗೆ ಫೋನ್ ಮಾಡಿದಳು. ಗಂಟೆ ಹೊಡೆದುಕೊಂಡು ನಿಂತಿತು. ಅವಳಿಗೆ ಉಪಮೆಗಳಲ್ಲಿ ನಂಬಿಕೆಯಿಲ್ಲ. ವಿಜ್ಞಾನಿಗಳು ಉಪಮೆಯನ್ನು ಶಾಲಾಮಕ್ಕಳಿಗಾಗಿ ಇಟ್ಟುಕೊಂಡಿರುತ್ತಾರೆ. ಆದರೆ ಆ ಕ್ಷಣ ಕಿಟಕಿಯಾಚೆ ಒಣ ಎಲೆಗಳನ್ನು ಎತ್ತಿಕೊಂಡು ಸುಳಿಗಾಳಿಯೊಂದು ಸುತ್ತುತ್ತಿತ್ತು. ಅವಳಿಗೆ ಉಪಮೆ ಹೊಳೆಯಲಿಲ್ಲ. ಗಾಳಿಗೆ ಬಡಿದುಕೊಳ್ಳುವ ತಾರಸಿ ಬಾಗಿಲು, ಅದರ ಸ್ಟೀಲ್ ಚಿಲಕವೇ ಕಣ್ಣ ಮುಂದೆ ಬಂತು.

ಇನಾಮದಾರರು ಬಾಗಿಲಲ್ಲಿ ಹೂಗುಚ್ಛ ಹಿಡಿದು ನಿಂತಿದ್ದರು. "ಏನ್ರೀ ಶಶಿರೇಖಾ, ನಳಿಗಿ ತಯಾರ ಅದಾವಿಲ್ಲೋ?"

ಅವಳು ಪರದೆ ತೋರಿಸಿದಳು, ನಾಲ್ಕು ಮಾತಿನಲ್ಲಿ ಹೇಳಿದಳು.

"ಫೇಲ್ ಆದ ನಳಿಗಿ ಮಾತು ಯಾಕ ಕೇಳ್ತೀರಿ? ಕೆಟ್ಟ ಸಾಕ್ಷಿ ಅದು."

"ಸರ್, ಅರವತ್ತು ದಾಟಿದೋರ ನಾಳ ಪಾಸಾಗಿದ್ದು ನಿಮಗೆ ನೆನಪಿದೆಯಾ? ಒಂದಾದ್ರೂ?"

ಇನಾಮದಾರರು ಪರದೆಯತ್ತ ಬಾಗಿದರು. ಹೂಗುಚ್ಛ ಮೆಲ್ಲಗೆ ಕೆಳಗಿಳಿಯಿತು. ಅವರು ನಿಜವಾಗಿ ಜ್ಞಾನಿಗಳು. ಅರ್ಥವಾಗಲು ಬೇಕಾದದ್ದು ಅಷ್ಟೇ.

"ನಮ್ಮವ್ವನೂ ತಗೋತಾಳ್ರೀ," ಎಂದರು.

"ಫೋನ್ ಮಾಡಿ ಸರ್. ಎದ್ದು ಓಡಾಡಬೇಡಿ ಅನ್ನಿ. ನಾನು ಹೊರಟೆ."

"ಕಮಿಟಿಯವರಿಗೆ ಏನ್ ಹೇಳ್ಲಿ?"

"ನಾಲ್ಕನೇ ನಾಳ ಹಾಗೇ ಇದೆ. ಅದನ್ನೇ ತೋರಿಸಿ."

ಕಾರಿನಲ್ಲಿ ಗಂಡನಿಗೆ ಫೋನ್ ಮಾಡಿದಳು. ಡಿಪೋದ ಗದ್ದಲದ ನಡುವೆ ಅವನು ಕೂಗಿದ: "ಏನಂದೆ? ಚಿಲಕನಾ? ಚೆನ್ನಾಗೈತಲ್ಲ."

"ರೀ, ಮನೆಗೆ ಬನ್ನಿ. ಅಮ್ಮ ಫೋನ್ ಎತ್ತುತ್ತಿಲ್ಲ."

ಅವನು ಆಗಲೇ ಹೊರಟ. ಆದರೆ ಡಿಪೋ ಊರಿನ ಆ ತುದಿ.

ಮನೆಯ ತಿರುವಿಗೆ ಮೊದಲು ಔಷಧಿ ಅಂಗಡಿ. ನಾಲಿಗೆಯ ಕೆಳಗಿಡುವ ನೈಟ್ರೇಟ್ ಮಾತ್ರೆ ಕೇಳಿದಳು. ಅಂಗಡಿಯವನು ಕನ್ನಡಕ ಏರಿಸಿ, "ಡಾಕ್ಟ್ರು ಚೀಟಿ ತಂದಿದೀರಾ ಮೇಡಂ?" ಎಂದ.

"ನಾನೇ ಡಾಕ್ಟ್ರು."

"ಯಾವ ಡಾಕ್ಟ್ರು?"

ಇಲಿಗಳ ಮೇಲೆ ಪ್ರಬಂಧ ಬರೆದು ಪಡೆದ ಪದವಿ ಅದೆಂದು ವಿವರಿಸುವ ಸಮಯವಲ್ಲ. ಅವಳು ಕೌಂಟರಿನ ಮೇಲಿಂದ ಬಾಗಿ, ಅವನ ಬೆನ್ನ ಹಿಂದಿನ ಗೂಡಿನಿಂದ ಡಬ್ಬಿಯನ್ನು ತಾನೇ ತೆಗೆದುಕೊಂಡಳು. "ಮೇಡಂ, ಮೇಡಂ," ಎನ್ನುವುದು ಕಾರಿನ ಬಾಗಿಲು ಮುಚ್ಚುವವರೆಗೂ ಕೇಳುತ್ತಿತ್ತು.

ಮನೆಯಲ್ಲಿ ಫ್ಯಾನು ತಿರುಗುತ್ತಿತ್ತು. ಸಾರಿನ ಪಾತ್ರೆಯ ಮೇಲೆ ತಟ್ಟೆ ಮುಚ್ಚಿತ್ತು. ಫೋನು ದೇವರ ಗೂಡಿನ ಪಕ್ಕ, ತಪ್ಪಿಹೋದ ಕರೆಗಳ ಸಮೇತ. ಶಶಿರೇಖಾ "ಅತ್ತೆ" ಎಂದು ಕೂಗಿದಳು. ಮೆಟ್ಟಿಲು ಹತ್ತಿದಳು. ತುದಿಯಲ್ಲಿ ತಾರಸಿ ಬಾಗಿಲು ಮುಚ್ಚಿತ್ತು. ಹೊಸ ಚಿಲಕ ಹೊಳೆಯುತ್ತಾ ಕೊಕ್ಕೆಯಲ್ಲಿ ಸರಿಯಾಗಿ ಕೂತಿತ್ತು. ಒಳಗಿನಿಂದ ಅದನ್ನು ಎತ್ತಲು ಒಂದು ಬೆರಳು ಸಾಕಾಯಿತು.

ಬಿಸಿಲು ಮುಖಕ್ಕೆ ಬಡಿಯಿತು. ಗುಂಡುಕಲ್ಲು ಉರುಳಿ ಒಂದು ಪಕ್ಕ ಬಿದ್ದಿತ್ತು. ಸೌಟು ಹೊಸ್ತಿಲಲ್ಲೇ ಇತ್ತು, ಹಿಡಿ ಸೊಟ್ಟಗಾಗಿ. ಬಾಗಿಲಿನ ಹೊರಮೈಯ ಬಣ್ಣದ ಮೇಲೆ ಕೆರೆದ ಗೀರುಗಳು, ಮೊದಲು ಎದೆಯ ಎತ್ತರಕ್ಕೆ, ಆಮೇಲೆ ಕೆಳಗೆ, ಇನ್ನೂ ಕೆಳಗೆ. ಅಕ್ಕಪಕ್ಕದ ಮನೆಗಳ ಕಿಟಕಿಗಳೆಲ್ಲ ಮುಚ್ಚಿ ಕೂಲರುಗಳು ಗುಂಯ್‌ಗುಡುತ್ತಿದ್ದವು. ಬಿಳಿ ಪಂಚೆಯ ಮೇಲೆ ಸಂಡಿಗೆ ಸಾಲಾಗಿ ಒಣಗಿತ್ತು, ಕಾಗೆ ಹೆದರಿಸಲು ಕಟ್ಟಿದ ಕರಿ ಕೊಡೆ ಗಾಳಿಗೆ ಅಲ್ಲಾಡುತ್ತಿತ್ತು.

ನೀರಿನ ಟ್ಯಾಂಕಿನ ಗೇಣುದ್ದದ ನೆರಳಿನಲ್ಲಿ, ಬೆನ್ನು ಒರಗಿಸಿ, ಕಾಲು ಚಾಚಿ, ಪುಟ್ಟಗೌರಮ್ಮ ಕೂತಿದ್ದರು.

ಕೂತಿದ್ದರು. ಶಶಿರೇಖಾಳಿಗೆ ಊರಿನ ಮಾತು ನೆನಪಾಯಿತು. ಉಳಿದ ದೂರವನ್ನು ಅವಳು ಹೇಗೆ ದಾಟಿದಳೋ. ಗಲ್ಲ ಹಿಡಿದು ಮುಖ ಎತ್ತಿದಳು. ಬೂದಿ ಬಣ್ಣ, ಜಿಗುಟು ಬೆವರು. ತುಟಿ ಅಲುಗಿತು.

"ತೆಗೀಲಿಲ್ಲ ಕಣಮ್ಮ," ಎಂದರು ಪುಟ್ಟಗೌರಮ್ಮ, ನೆಂಟರೊಬ್ಬರ ಮೇಲೆ ದೂರು ಹೇಳುವ ಹಾಗೆ. "ಎಷ್ಟ್ ಮೀಟಿದ್ರೂ ತೆಗೀಲಿಲ್ಲ."

"ಬಾಯಿ ತೆಗೀರಿ ಅತ್ತೆ. ನಾಲಿಗೆ ಎತ್ತಿ."

"ಇನ್ನೂ ಒಂದ್ ಮಾತ್ರೆನಾ?"

"ಇದು ಬೇರೆ."

ಮಾತ್ರೆ ಕರಗುವವರೆಗೆ ಶಶಿರೇಖಾ ತನ್ನ ಸೆರಗನ್ನು ಅವರ ತಲೆಯ ಮೇಲೆ ಹಿಡಿದು ಮಂಡಿಯೂರಿದ್ದಳು. ಆ ಎದೆಯೊಳಗಿನ ಸಾವಿರ ಕಿಂಡಿಗಳನ್ನು ಅವಳು ಚಿತ್ರ ಬರೆದು ತೋರಿಸಬಲ್ಲಳು. ಅವುಗಳಲ್ಲಿ ಎಷ್ಟು ತೆರೆಯುತ್ತಿವೆ, ಎಷ್ಟು ತಡವಾಗಿದೆ ಎಂದು ಹೇಳಬಲ್ಲವರು ಮಾತ್ರ ಯಾರೂ ಇರಲಿಲ್ಲ. ಮಣಿಕಟ್ಟಿನ ನಾಡಿ ಬೆರಳಿಗೆ ಸಿಗುತ್ತಿತ್ತು, ತಪ್ಪುತ್ತಿತ್ತು, ಮತ್ತೆ ಸಿಗುತ್ತಿತ್ತು. ಪುಟ್ಟಗೌರಮ್ಮ ಒಂದು ಸಲ ಉದ್ದಕ್ಕೆ ಉಸಿರೆಳೆದರು. ಇನ್ನೊಂದು ಬರುವುದು ತಡವಾಯಿತು. ಬಂತು.

"ಹಿಂಡಾದು ಒಸಿ ಬುಟ್ಟೈತೆ," ಎಂದರು.

ಕೆಳಗೆ ಗೇಟು ಬಡಿದ ಸದ್ದು. ಗ್ರೀಸಿನ ಕೈಗಳಲ್ಲೇ ರೇಣುಕಪ್ರಸಾದ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ. ಸೌಟು ನೋಡಿದ, ಗೀರುಗಳನ್ನು ನೋಡಿದ. ಬಾಗಿ ತಾಯಿಯನ್ನು ಎತ್ತಿಕೊಂಡ.

"ಬುಡೋ, ಸೀರೆಗೆಲ್ಲ ಗ್ರೀಸಾಗ್ತದೆ," ಎಂದರು ಆಕೆ, ಅವನ ಭುಜದ ಮೇಲೆ ತಲೆ ಇಟ್ಟು.

ಆಸ್ಪತ್ರೆಯ ಹೃದಯದ ವಾರ್ಡಿನಲ್ಲಿ ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಇನ್ನಷ್ಟು ಮನೆಗಳವರು ಕೂತಿದ್ದರು. ಎಲ್ಲರ ಕೈಯಲ್ಲೂ ನೀರಿನ ಬಾಟಲಿ, ಯಾರೋ ನೀರು ಕುಡಿಸಿ ಎಂದಿದ್ದರಂತೆ. ಶಶಿರೇಖಾ ಅವರನ್ನು ಒಬ್ಬೊಬ್ಬರನ್ನಾಗಿ ಕೇಳಿದಳು, ತುಕ್ಕಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೇ ಎಂದು. "ದಿನಾ ಬೆಳಿಗ್ಗೆ, ಒಂದಿನನೂ ತಪ್ಸಿಲ್ಲ," ಎಂದರು ಒಬ್ಬರು ಹೆಮ್ಮೆಯಿಂದ. ಮುಂದಿನವರನ್ನು ಕೇಳಲು ಅವಳಿಗೆ ಹೆದರಿಕೆಯಾಯಿತು. ಆದರೂ ಕೇಳಿದಳು.

ಸಂಜೆ ಇನಾಮದಾರರ ಫೋನು ಬಂತು. ಅವರು ಸಮಿತಿಯವರಿಗೆ ನಾಲ್ಕನೆಯ ನಾಳವನ್ನೇ ತೋರಿಸಿದ್ದರು. ನಾಳಶುದ್ಧಿ ಹಾಕಿದ ಮೇಲೆ ಅದು ಬಿಗಿದುಕೊಂಡೇ ಕೂತಿತ್ತು, ಸಮಿತಿಯೂ ಹಾಗೇ ಕೂತು ನೋಡಿತ್ತು. "ಗುಳಿಗಿ ಹಂಚೋದು ನಿಲ್ಲಿಸ್ಯಾರ್ರೀ. ನಿಮ್ಮ ಅತ್ತಿಯವರು?"

"ಒಳಗಿದಾರೆ ಸರ್. ನಿಮ್ಮ ತಾಯಿ?"

"ಹಿತ್ತಲದಾಗ ಹೂ ಕೀಳಾಕ ಹ್ವಾದಾಕಿ ಕಟ್ಟಿ ಮ್ಯಾಲ ಕುಂತಿದ್ಲಂತ," ಎಂದರು ಇನಾಮದಾರರು. "ಕುಂತಲ್ಲೇ ಹ್ವಾದ್ಲು, ನನ್ನ ಫೋನ್ ಮುಟ್ಟೂ ಮೊದಲ."

ಪುಟ್ಟಗೌರಮ್ಮ ಬದುಕಿದರು. ಅವರ ಹೃದಯದ ಎಡಗೋಡೆಯ ಒಂದು ಭಾಗ ಬದುಕಲಿಲ್ಲ.